ಬೇರಿಯಂ ಟೈಟನೇಟ್ ಬಿಸಿ ಮಾಡಿದಾಗ ಕೆಪಾಸಿಟೆನ್ಸ್ ಯಾಕೆ ಅಷ್ಟು ಏರುತ್ತದೆ, ಆಮೇಲೆ ಯಾಕೆ ಬೀಳುತ್ತದೆ?

ಎಂಎಸ್ಸಿ_ಹುಡುಗಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ, ಕೊನೆಯ ವರ್ಷ. ಪ್ರಾಜೆಕ್ಟಿಗೆ ಬೇರಿಯಂ ಟೈಟನೇಟ್ ಅನ್ನುವ ಫೆರೋಎಲೆಕ್ಟ್ರಿಕ್ ಸೆರಾಮಿಕ್ ತೆಗೆದುಕೊಂಡಿದ್ದೇನೆ, ಅಂದರೆ ವೋಲ್ಟೇಜ್ ಕೊಡದಿದ್ದರೂ ಒಳಗೆ ಪ್ಲಸ್ ಮೈನಸ್ ಚಾರ್ಜ್ ಸರಿದು ನಿಂತಿರುವ (ಪೋಲರೈಸೇಶನ್ ಇರುವ), ವೋಲ್ಟೇಜಿನಿಂದ ಅದರ ದಿಕ್ಕು ತಿರುಗಿಸಬಹುದಾದ ವಸ್ತು. ಪುಡಿ ಒತ್ತಿ ಪೆಲೆಟ್ ಮಾಡಿ, ಸಿಂಟರ್ ಮಾಡಿ (ಹೆಚ್ಚು ಬಿಸಿಯಲ್ಲಿ ಸುಟ್ಟು ಗಟ್ಟಿ ಮಾಡಿ), ಎರಡೂ ಮುಖಕ್ಕೆ ಸಿಲ್ವರ್ ಪೇಸ್ಟ್ ಹಚ್ಚಿ, ಪುಟ್ಟ ಫರ್ನೇಸಿನೊಳಗೆ ಇಟ್ಟು ಕೆಪಾಸಿಟೆನ್ಸ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದು) ಅಳೆಯುವ ಎಲ್‌ಸಿಆರ್ ಮೀಟರಿಗೆ ವೈರ್ ಎಳೆದಿದ್ದೇವೆ. ರೂಮ್ ಟೆಂಪರೇಚರಿನಿಂದ 250 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತಾ, ಮತ್ತೆ ಇಳಿಸುತ್ತಾ ಕೆಪಾಸಿಟೆನ್ಸ್ ಬರೆದುಕೊಂಡಿದ್ದೇನೆ. ಗ್ರಾಫ್ ಚೆನ್ನಾಗಿಯೇ ಬಂದಿದೆ. 120 ಡಿಗ್ರಿ ಆಸುಪಾಸಿನಲ್ಲಿ ಚೂಪಾದ ಪೀಕ್, ಆಮೇಲೆ ಇಳಿಜಾರು. ಪುಸ್ತಕದಲ್ಲಿರುವ ಚಿತ್ರದ ಹಾಗೇ ಇದೆ. ಆದರೆ ವೈವಾದಲ್ಲಿ ಯಾಕೆ ಹೀಗೆ ಅಂತ ಕೇಳಿದರೆ ನನಗೇ ಸಮಾಧಾನವಾಗುವಂಥ ಉತ್ತರ ಇನ್ನೂ ಸಿಕ್ಕಿಲ್ಲ.

ಮೊದಲನೆಯದು ಇದು. ಕ್ಯೂರಿ ತಾಪಮಾನ ದಾಟಿದರೆ ವಸ್ತುವಿನ ಸ್ವಂತ ಪೋಲರೈಸೇಶನ್ ಸೊನ್ನೆಯಾಗುತ್ತದೆ ಅಂತ ಎಲ್ಲ ಪುಸ್ತಕದಲ್ಲೂ ಇದೆ. ಪೋಲರೈಸೇಶನ್ ಸೊನ್ನೆಯಾಗುವ ಜಾಗದಲ್ಲೇ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ಕೆಪಾಸಿಟೆನ್ಸನ್ನು ನಿರ್ಧರಿಸುವ ವಸ್ತುವಿನ ಸಂಖ್ಯೆ) ಎಲ್ಲಕ್ಕಿಂತ ಜಾಸ್ತಿ ಇರುತ್ತದಲ್ಲ, ಅದು ಹೇಗೆ? ನನಗೆ ಎರಡೂ ಒಟ್ಟಿಗೆ ಬೀಳಬೇಕು ಅನ್ನಿಸುತ್ತದೆ.

ಆಮೇಲೆ, ಬಿಸಿ ಮಾಡುವಾಗ ಪೀಕ್ 124 ಡಿಗ್ರಿಗೆ ಬಂತು, ತಣ್ಣಗಾಗುವಾಗ 115ಕ್ಕೆ. ಇದು ವಸ್ತುವಿನ ಗುಣವೋ, ಫರ್ನೇಸಿನ ಗುಣವೋ? ಇನ್ನೊಂದು, 100 ಕಿಲೋಹರ್ಟ್ಸ್‌ನಲ್ಲಿ ಅಳೆದರೆ ಪೀಕ್ ಆದ ಮೇಲೆ ಸುಮ್ನೆ ಇಳಿಯುತ್ತಾ ಹೋಗುತ್ತದೆ, ಆದರೆ 100 ಹರ್ಟ್ಸ್‌ನಲ್ಲಿ 200 ಡಿಗ್ರಿ ದಾಟಿದ ಮೇಲೆ ಕೆಪಾಸಿಟೆನ್ಸ್ ಮತ್ತೆ ಏರಲು ಶುರು ಮಾಡುತ್ತದೆ. ಅಲ್ಲೂ ಒಂದು ಟ್ರಾನ್ಸಿಷನ್ (ವಸ್ತುವಿನ ಸ್ಥಿತಿ ಬದಲಾವಣೆ) ಇದೆಯಾ? ಮೊದಲ ಸಲ ಬಿಸಿ ಮಾಡಿದ ಕರ್ವ್ ಎರಡನೆಯ ಸಲದ ಕರ್ವ್ ಮೇಲೆ ಸರಿಯಾಗಿ ಕೂರುತ್ತಲೂ ಇಲ್ಲ.

ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ, ಸಮೀಕರಣ ಇದ್ದರೂ ಪರವಾಗಿಲ್ಲ.

---

ಸೆರಾಮಿಕ್_ಲ್ಯಾಬ್ ಉತ್ತರ:

ತುಂಬ ಒಳ್ಳೆಯ ಪ್ರಶ್ನೆ. ನಿಮ್ಮ ಮೊದಲನೆಯ ಗೊಂದಲ ಬಿಡಿಸಿಕೊಂಡರೆ ಉಳಿದದ್ದು ಅರ್ಧ ತಾನಾಗಿಯೇ ಬರುತ್ತದೆ.

ಪೋಲರೈಸೇಶನ್ ಎಷ್ಟಿದೆ ಅನ್ನುವುದು ಒಂದು ವಿಷಯ, ಹೊರಗಿನಿಂದ ಚೂರು ವೋಲ್ಟೇಜ್ ಕೊಟ್ಟರೆ ಅದು ಎಷ್ಟು ಬದಲಾಗುತ್ತದೆ ಅನ್ನುವುದು ಬೇರೆ ವಿಷಯ. ನಿಮ್ಮ ಎಲ್‌ಸಿಆರ್ ಮೀಟರ್ ಅಳೆಯುವುದು ಎರಡನೆಯದನ್ನು. ರೂಮ್ ಟೆಂಪರೇಚರಿನಲ್ಲಿ ಬೇರಿಯಂ ಟೈಟನೇಟಿನ ಒಂಟಿ ಹರಳಿನಲ್ಲಿ ಪೋಲರೈಸೇಶನ್ ಚದರ ಸೆಂಟಿಮೀಟರಿಗೆ ಸುಮಾರು 26 ಮೈಕ್ರೋಕೂಲಂಬ್ ಇರುತ್ತದೆ. ಅದು ದೊಡ್ಡ ಸಂಖ್ಯೆಯೇ. ಆದರೆ ಅದು ಗಟ್ಟಿಯಾಗಿ ನಿಂತಿರುವ ಪೋಲರೈಸೇಶನ್. ಟೈಟಾನಿಯಂ ಅಯಾನು ಮಧ್ಯದಿಂದ ಒಂದು ಕಡೆಗೆ ಸರಿದು ಕೂತಿದೆ, ಮೀಟರಿನ ಒಂದು ವೋಲ್ಟಿಗೆಲ್ಲ ಅದು ಹೆಚ್ಚು ಅಲುಗಾಡುವುದಿಲ್ಲ.

ಪಡ್ಡು ಹಂಚು ನೋಡಿದ್ದೀರಲ್ಲ, ಅಕ್ಕಪಕ್ಕದ ಎರಡು ಗುಳಿ ನೆನಪಿಸಿಕೊಳ್ಳಿ. ಒಂದು ಗುಳಿಯಲ್ಲಿ ಒಂದು ಬಟಾಣಿ ಕೂತಿದೆ. ಹಂಚನ್ನು ಚೂರು ಓರೆ ಮಾಡಿದರೆ ಬಟಾಣಿ ಸ್ವಲ್ಪ ಮಾತ್ರ ಸರಿಯುತ್ತದೆ. ಬಿಸಿ ಏರಿದಂತೆ ಆ ಗುಳಿಗಳ ಆಳ ಕಮ್ಮಿಯಾಗುತ್ತಾ, ಎರಡೂ ಒಂದಕ್ಕೊಂದು ಹತ್ತಿರ ಬರುತ್ತವೆ ಅಂದುಕೊಳ್ಳಿ. ಕ್ಯೂರಿ ತಾಪಮಾನದ ಹತ್ತಿರ ತಳ ಹೆಚ್ಚುಕಮ್ಮಿ ಸಪಾಟು. ಆಗ ಅಷ್ಟೇ ಓರೆ ಮಾಡಿದರೂ ಬಟಾಣಿ ದೂರ ಉರುಳುತ್ತದೆ. ಅದೇ ನಿಮ್ಮ ಪೀಕ್. ಇನ್ನೂ ಬಿಸಿ ಮಾಡಿದರೆ ಮಧ್ಯದಲ್ಲಿ ಒಂದೇ ಗುಳಿ ಆಗಿ ಅದರ ಗೋಡೆ ಕಡಿದಾಗುತ್ತಾ ಹೋಗುತ್ತದೆ, ಬಟಾಣಿ ಮತ್ತೆ ಸುಲಭವಾಗಿ ಸರಿಯುವುದಿಲ್ಲ. ಕೆಪಾಸಿಟೆನ್ಸ್ ಬೀಳುತ್ತದೆ. ಇಂಥ ಸ್ಥಿತಿ ಬದಲಾವಣೆಗಳನ್ನು ವಿವರಿಸುವ ಲ್ಯಾಂಡೌ ಥಿಯರಿಯಲ್ಲಿ ಬರುವ ಎನರ್ಜಿ ಕರ್ವ್ ಇದೇ. 1949ರಲ್ಲಿ ಡೆವನ್‌ಶೈರ್ ಬೇರಿಯಂ ಟೈಟನೇಟಿಗೆ ಇದನ್ನು ಹಾಕಿ ತೋರಿಸಿದರು. ವೈವಾದಲ್ಲಿ ಆ ಕರ್ವ್ ಬೋರ್ಡ್ ಮೇಲೆ ಬರೆದು, ತಳದ ವಕ್ರತೆ ಕಮ್ಮಿಯಾದಷ್ಟೂ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಜಾಸ್ತಿ ಅಂತ ಹೇಳಿ. ಅದಕ್ಕಿಂತ ಚೊಕ್ಕ ಉತ್ತರ ನನಗೆ ಗೊತ್ತಿಲ್ಲ.

ಈಗ 124 ಮತ್ತು 115ರ ವಿಷಯ. ಬೇರಿಯಂ ಟೈಟನೇಟಿನಲ್ಲಿ ಈ ಬದಲಾವಣೆ ಫಸ್ಟ್ ಆರ್ಡರ್. ಅಂದರೆ ಪೋಲರೈಸೇಶನ್ ನಿಧಾನಕ್ಕೆ ಸೊನ್ನೆಗೆ ಇಳಿಯುವುದಿಲ್ಲ, ಒಂದು ಮಟ್ಟದವರೆಗೆ ಇಳಿದು ಆಮೇಲೆ ಒಮ್ಮೆಲೇ ಬಿದ್ದುಬಿಡುತ್ತದೆ. ಲೇಟೆಂಟ್ ಹೀಟ್ ಇದೆ. ಹಾಗಾಗಿ ಏರುವಾಗ ಒಂದು ತಾಪಮಾನ, ಇಳಿಯುವಾಗ ಒಂದೆರಡು ಡಿಗ್ರಿಯೋ ಇನ್ನೂ ಸ್ವಲ್ಪವೋ ಕೆಳಗೆ ಮತ್ತೊಂದು, ಇದು ವಸ್ತುವಿನದೇ ಗುಣ. ಆದರೆ ಒಂಬತ್ತು ಡಿಗ್ರಿ ಅಂದರೆ ಅದರಲ್ಲಿ ಫರ್ನೇಸಿನ ಪಾಲೂ ಇರುವ ಸಾಧ್ಯತೆ ಜಾಸ್ತಿ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಎಲ್ಲಿದೆ? ಫರ್ನೇಸಿನ ಗೋಡೆ ಹತ್ತಿರ ಇದ್ದರೆ ಅದು ಗಾಳಿಯ ಬಿಸಿ ಹೇಳುತ್ತದೆ, ಪೆಲೆಟಿನದ್ದಲ್ಲ. ತುದಿಯನ್ನು ಪೆಲೆಟಿನ ಪಕ್ಕ ಮುಟ್ಟುವ ಹಾಗೆ ಕಟ್ಟಿ. ಆಮೇಲೆ ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ, ಅದೇ ವೇಗದಲ್ಲಿ ಇಳಿಸಿ. ಫರ್ನೇಸ್ ತಾನಾಗಿ ಆರಲಿ ಅಂತ ಬಿಡಬೇಡಿ. ವೇಗ ಕಮ್ಮಿ ಮಾಡಿದಂತೆ ಅಂತರ ಎಷ್ಟು ಕುಗ್ಗುತ್ತದೋ ಅಷ್ಟು ಫರ್ನೇಸಿನದು. ಕುಗ್ಗದೆ ಉಳಿದದ್ದು ಬೇರಿಯಂ ಟೈಟನೇಟಿನದು. ಈ ಎರಡನ್ನೂ ಬೇರೆ ಮಾಡಿ ರಿಪೋರ್ಟಿನಲ್ಲಿ ಬರೆದರೆ ಎಕ್ಸಾಮಿನರ್ ಖಂಡಿತ ಗಮನಿಸುತ್ತಾರೆ.

200 ಡಿಗ್ರಿ ಮೇಲೆ 100 ಹರ್ಟ್ಸ್‌ನಲ್ಲಿ ಏರುವುದು ಟ್ರಾನ್ಸಿಷನ್ ಅಲ್ಲ. ಬಿಸಿಯಾದಂತೆ ವಸ್ತುವಿನೊಳಗೆ ಚಾರ್ಜ್ ಓಡಾಡಲು ಶುರುವಾಗುತ್ತದೆ, ಸಿಂಟರ್ ಮಾಡುವಾಗ ಆಕ್ಸಿಜನ್ ಕಳೆದುಕೊಂಡು ಉಂಟಾದ ಖಾಲಿ ಜಾಗಗಳಿಂದ ಇದು ಇನ್ನೂ ಜಾಸ್ತಿ. ಆ ಚಾರ್ಜ್ ಗ್ರೇನ್ ಬೌಂಡರಿಯಲ್ಲಿ (ಪೆಲೆಟಿನ ಪುಟ್ಟ ಹರಳುಕಣಗಳ ನಡುವಿನ ಗಡಿಯಲ್ಲಿ), ಎಲೆಕ್ಟ್ರೋಡಿನ ಹತ್ತಿರ ಬಂದು ಗುಂಪಾಗಿ ನಿಲ್ಲುತ್ತದೆ. 100 ಹರ್ಟ್ಸ್‌ನಲ್ಲಿ ಅದಕ್ಕೆ ಗುಂಪಾಗಲು ಸಮಯ ಸಿಗುತ್ತದೆ, 100 ಕಿಲೋಹರ್ಟ್ಸ್‌ನಲ್ಲಿ ಸಿಗುವುದಿಲ್ಲ. ಮ್ಯಾಕ್ಸ್‌ವೆಲ್-ವ್ಯಾಗ್ನರ್ ಎಫೆಕ್ಟ್ ಅನ್ನುವುದು ಇದನ್ನೇ. ನಿಮ್ಮ ಮೀಟರಿನಲ್ಲಿ ಟ್ಯಾನ್ ಡೆಲ್ಟಾ (ಶಕ್ತಿ ನಷ್ಟದ, ಅಂದರೆ ಲಾಸ್‌ನ ಅಳತೆ) ಕೂಡ ಬರುತ್ತದಲ್ಲ, ಅದೇ ತಾಪಮಾನದಲ್ಲಿ ಆ ಕಾಲಂ ನೋಡಿ. ಅದೂ ಗಗನಕ್ಕೆ ಏರಿದ್ದರೆ ಅನುಮಾನವೇ ಬೇಡ, ಅದು ಲೀಕೇಜ್. ಕೆಪಾಸಿಟೆನ್ಸ್ ಗ್ರಾಫನ್ನು ಲಾಸ್ ಇಲ್ಲದೆ ಯಾರಾದರೂ ತೋರಿಸಿದರೆ ನಾನು ನಂಬುವುದೇ ಇಲ್ಲ.

ಇದೇ ಕಾರಣಕ್ಕೆ, ಮುಂದೆ ಹಿಸ್ಟರೆಸಿಸ್ ಲೂಪ್ (ವೋಲ್ಟೇಜ್ ಏರಿಸಿ ಇಳಿಸಿದಾಗ ಪೋಲರೈಸೇಶನ್ ಬೇರೆ ದಾರಿಯಲ್ಲಿ ಮರಳುವ ಗ್ರಾಫ್) ಅಳೆಯುವಾಗಲೂ ಹುಷಾರಾಗಿರಿ. ಬಿಸಿ ಏರಿದಂತೆ ನಿಜವಾದ ಲೂಪ್ ಸಣ್ಣಗಾಗುತ್ತದೆ, ಕೋಅರ್ಸಿವ್ ಫೀಲ್ಡ್ (ಪೋಲರೈಸೇಶನ್ ತಿರುಗಿಸಲು ಬೇಕಾದ ಫೀಲ್ಡ್) ಕಮ್ಮಿಯಾಗುತ್ತದೆ. ಲೂಪ್ ದುಂಡಗೆ ಊದಿಕೊಳ್ಳುತ್ತಾ ಹೋದರೆ ಅದು ಲೀಕೇಜ್. 2008ರಲ್ಲಿ ಜೆ. ಎಫ್. ಸ್ಕಾಟ್ ಅನ್ನುವ ವಿಜ್ಞಾನಿ ಬಾಳೆಹಣ್ಣಿನ ಸಿಪ್ಪೆಗೆ ಎಲೆಕ್ಟ್ರೋಡ್ ಹಚ್ಚಿ ಅಂಥದೇ ಲೂಪ್ ತೆಗೆದು ಪ್ರಕಟಿಸಿದರು. ಬಾಳೆಹಣ್ಣು ಫೆರೋಎಲೆಕ್ಟ್ರಿಕ್ ಅಲ್ಲವಲ್ಲ, ಲೂಪ್ ಕಂಡ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ ಅಂತ ತೋರಿಸುವುದಕ್ಕೇ ಅವರು ಹಾಗೆ ಮಾಡಿದ್ದು. ಕ್ಯೂರಿ ತಾಪಮಾನದ ಸ್ವಲ್ಪ ಮೇಲೆ ಒಳ್ಳೆಯ ಹರಳಿನಲ್ಲಿ ಎರಡು ಪುಟ್ಟ ಲೂಪ್ ಬರುತ್ತವೆ, ಮಧ್ಯದಲ್ಲಿ ಬರೀ ಗೆರೆ. 1953ರಲ್ಲಿ ಮೆರ್ಜ್ ಅದನ್ನು ಮೊದಲು ತೋರಿಸಿದರು. ಫೀಲ್ಡ್ ಕೊಟ್ಟಾಗ ಮಾತ್ರ ವಸ್ತು ಫೆರೋಎಲೆಕ್ಟ್ರಿಕ್ ಆಗಿ, ತೆಗೆದ ಕೂಡಲೇ ವಾಪಸ್ ಹೋಗುತ್ತದೆ. ಫಸ್ಟ್ ಆರ್ಡರ್ ಅನ್ನುವುದಕ್ಕೆ ಅದಕ್ಕಿಂತ ಚೆಂದದ ಸಾಕ್ಷಿ ಇಲ್ಲ.

---

ಪೀಣ್ಯ_ಬೋರ್ಡ್ ಉತ್ತರ:

ನಾನು ಥಿಯರಿ ಕಡೆಯವನಲ್ಲ, ಪೀಣ್ಯದಲ್ಲಿ ಕಂಟ್ರೋಲ್ ಬೋರ್ಡ್ ರಿಪೇರಿ ಕೆಲಸ. ಆದರೆ ನಿಮ್ಮ ಗ್ರಾಫ್ ನನಗೆ ದಿನಾ ಅನ್ನ ಹಾಕುವ ಗ್ರಾಫ್, ಅದಕ್ಕೆ ಬರೆಯುತ್ತಿದ್ದೇನೆ.

ಬೋರ್ಡ್ ಮೇಲಿರುವ ಕಂದು ಬಣ್ಣದ ಚಿಕ್ಕ ಚಿಪ್ ಕೆಪಾಸಿಟರ್‌ಗಳಲ್ಲಿ ಬಹುಪಾಲು ಬೇರಿಯಂ ಟೈಟನೇಟೇ. ಅಷ್ಟು ಚೂರು ಜಾಗದಲ್ಲಿ ಅಷ್ಟು ಮೈಕ್ರೋಫ್ಯಾರಡ್ ಸಾಧಾರಣ ಸೆರಾಮಿಕ್‌ನಲ್ಲಿ ಸಿಗುವುದಿಲ್ಲ. ತೊಂದರೆ ಏನೆಂದರೆ, 120 ಡಿಗ್ರಿಯಲ್ಲಿ ಅಷ್ಟು ಚೂಪಾದ ಪೀಕ್ ಇರುವ ಕೆಪಾಸಿಟರ್ ಯಾರಿಗೂ ಬೇಡ. ಅದಕ್ಕೆ ತಯಾರಕರು ಬೇರೆ ಬೇರೆ ಧಾತು ಸೇರಿಸಿ ಆ ಪೀಕನ್ನು ಪಕ್ಕಕ್ಕೆ ಸರಿಸುತ್ತಾರೆ, ಅಥವಾ ತಟ್ಟಿ ಚಪ್ಪಟೆ ಮಾಡುತ್ತಾರೆ. ಸ್ಟ್ರಾನ್ಶಿಯಂ ಸೇರಿಸಿದರೆ ಕೆಳಗೆ ಬರುತ್ತದೆ, ಸೀಸ ಸೇರಿಸಿದರೆ ಮೇಲೆ ಹೋಗುತ್ತದೆ. ಆ ಎಕ್ಸ್7ಆರ್, ವೈ5ವಿ ಅನ್ನುವ ಕೋಡ್ ಎಲ್ಲ ಇದರದ್ದೇ ಲೆಕ್ಕ. ಎಕ್ಸ್7ಆರ್ ಅಂದರೆ ಮೈನಸ್ 55ರಿಂದ 125 ಡಿಗ್ರಿವರೆಗೆ ಶೇಕಡಾ 15ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಎಕ್ಸ್5ಆರ್ ಕೂಡ ಅಷ್ಟೇ, ಆದರೆ 85 ಡಿಗ್ರಿವರೆಗೆ ಮಾತ್ರ. ವೈ5ವಿ ಅಂದರೆ ಮೈನಸ್ 30ರಿಂದ 85ರೊಳಗೆ ಶೇಕಡಾ 22 ಏರಬಹುದು, 82 ಬೀಳಬಹುದು. ಹೌದು, ಎಂಬತ್ತೆರಡು. ಪೀಕನ್ನು ರೂಮ್ ಟೆಂಪರೇಚರಿನ ಹತ್ತಿರಕ್ಕೆ ಎಳೆದು ತಂದಿರುತ್ತಾರೆ, ಅಲ್ಲಿಂದ ಯಾವ ಕಡೆ ಹೋದರೂ ಇಳಿಜಾರೇ.

ಒಂದು ಸಲ ಹೊರಗಡೆ ಕಂಬಕ್ಕೆ ಹಾಕುವ ಪೆಟ್ಟಿಗೆಯ ಬೋರ್ಡ್ ಬಂದಿತ್ತು. ಬೆಳಿಗ್ಗೆ ಸರಿ, ಮಧ್ಯಾಹ್ನ ರೀಸೆಟ್ ಆಗುತ್ತದೆ ಅಂತ ದೂರು. ಏಪ್ರಿಲ್ ಬಿಸಿಲಿಗೆ ಮುಚ್ಚಿದ ತಗಡಿನ ಪೆಟ್ಟಿಗೆ ಒಳಗೆ ಕೈ ಇಡಲು ಆಗುವುದಿಲ್ಲ. ಟೇಬಲ್ ಮೇಲಿಟ್ಟು ಹಾಟ್ ಏರ್ ಗನ್‌ನಲ್ಲಿ ಮೆಲ್ಲಗೆ ಬಿಸಿ ಮಾಡಿ ಸಪ್ಲೈ ಮೇಲೆ ಸ್ಕೋಪ್ ಇಟ್ಟರೆ ರಿಪಲ್ (ಸಪ್ಲೈ ವೋಲ್ಟೇಜಿನ ಏರಿಳಿತ) ಏರುತ್ತಾ ಹೋಗುವುದು ಕಣ್ಣೆದುರೇ ಕಾಣಿಸಿತು. ಫಿಲ್ಟರ್ ಕೆಪಾಸಿಟರ್ ವೈ5ವಿ. ಎಕ್ಸ್7ಆರ್ ಹಾಕಿದೆ, ಮತ್ತೆ ಆ ಬೋರ್ಡ್ ವಾಪಸ್ ಬರಲಿಲ್ಲ. ಬೆಲೆಯಲ್ಲಿ ವ್ಯತ್ಯಾಸ ಅಷ್ಟೇನೂ ಇರಲಿಲ್ಲ, ಡಿಸೈನ್ ಮಾಡಿದವರು ಡೇಟಾಶೀಟಿನ ಟೆಂಪರೇಚರ್ ಪುಟ ತೆರೆದು ನೋಡಬೇಕಿತ್ತು. ಅದರ ಜೊತೆಗೆ ಡಿಸಿ ವೋಲ್ಟೇಜ್ ಕೊಟ್ಟಾಗಲೂ ಈ ಕೆಪಾಸಿಟರ್‌ಗಳ ಕೆಪಾಸಿಟೆನ್ಸ್ ಬೀಳುತ್ತದೆ, ಎರಡೂ ಸೇರಿದರೆ ಮೇಲೆ ಬರೆದಿರುವ ಮೈಕ್ರೋಫ್ಯಾರಡ್‌ನಲ್ಲಿ ಉಳಿಯುವುದು ಚೂರೇ. ಟೈಮಿಂಗ್ ಸರ್ಕ್ಯೂಟಿಗೆ ಸಿ0ಜಿ ಅನ್ನುವ ಕೋಡಿನ ಕೆಪಾಸಿಟರ್ ಹಾಕಿ, ಅದು ಫೆರೋಎಲೆಕ್ಟ್ರಿಕ್ ಅಲ್ಲ, ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಭಾಗಕ್ಕಿಂತ ಹೆಚ್ಚು ಬದಲಾಗುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆ, ಮೊದಲ ಸಲ ಮತ್ತು ಎರಡನೆಯ ಸಲದ ಕರ್ವ್. ಇದನ್ನು ನಾವು ಏಜಿಂಗ್ ಅನ್ನುತ್ತೇವೆ. ಈ ಕೆಪಾಸಿಟರ್ ಸುಮ್ನೆ ಡಬ್ಬಿಯಲ್ಲಿ ಇಟ್ಟಿದ್ದರೂ ಕಾಲ ಕಳೆದಂತೆ ಕೆಪಾಸಿಟೆನ್ಸ್ ನಿಧಾನವಾಗಿ ಕಮ್ಮಿಯಾಗುತ್ತದೆ, ಒಂದರಿಂದ ಹತ್ತು ಗಂಟೆಯಲ್ಲಿ ಎಷ್ಟೋ, ಹತ್ತರಿಂದ ನೂರು ಗಂಟೆಯಲ್ಲೂ ಅಷ್ಟೇ, ನೂರರಿಂದ ಸಾವಿರದಲ್ಲೂ ಅಷ್ಟೇ. 150 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತೆಗೆದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ನಿಮ್ಮ ಪೆಲೆಟ್ ಎಷ್ಟೋ ದಿನ ಹಾಗೇ ಇದ್ದು ಮೊದಲ ಸಲ ಬಿಸಿಯಾಗಿದೆ. ಎರಡನೆಯ ಸಲಕ್ಕೆ ಅದು ಹೊಸದು. ಅದರ ಮೇಲೆ ತೇವವೂ ಇರುತ್ತದೆ, 100 ಡಿಗ್ರಿ ದಾಟಿಸಿದ ಮೇಲೆ ಅದು ಹೋಗುತ್ತದೆ.

---

ಹಳೇ_ಮೇಷ್ಟ್ರು ಉತ್ತರ:

ನೋಡಮ್ಮ, ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಬೆಂಗಳೂರಿನಲ್ಲಿ ಕೂತವರಿಗೆ ಈ ವಿಷಯದಲ್ಲಿ ಒಂದು ವಿಶೇಷ ಅನುಕೂಲ ಇದೆ, ಅದನ್ನು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

ಫೆರೋಎಲೆಕ್ಟ್ರಿಸಿಟಿ ಮೊದಲು ಕಂಡದ್ದು ಬೇರಿಯಂ ಟೈಟನೇಟಿನಲ್ಲಿ ಅಲ್ಲ, ರೋಶೆಲ್ ಸಾಲ್ಟಿನಲ್ಲಿ. 1920ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಲಾಸೆಕ್ ಅನ್ನುವ ತರುಣ ಇದನ್ನು ಕಂಡುಹಿಡಿದರು. ಕಬ್ಬಿಣದ ಮ್ಯಾಗ್ನೆಟಿಸಂನಲ್ಲಿ ಬರುವ ಹಿಸ್ಟರೆಸಿಸ್ ಲೂಪ್ ಇಲ್ಲಿ ವೋಲ್ಟೇಜಿಗೂ ಬರುತ್ತದೆ ಅಂತ ತೋರಿಸಿದರು. ಆ ಉಪ್ಪಿಗೆ ಒಂದು ವಿಚಿತ್ರ ಗುಣ. ಅದಕ್ಕೆ ಎರಡು ಕ್ಯೂರಿ ತಾಪಮಾನ. ಮೈನಸ್ 18ರಿಂದ ಪ್ಲಸ್ 24 ಡಿಗ್ರಿವರೆಗೆ ಮಾತ್ರ ಅದು ಫೆರೋಎಲೆಕ್ಟ್ರಿಕ್. ಅದಕ್ಕಿಂತ ತಣ್ಣಗಿದ್ದರೂ ಅಲ್ಲ, ಬಿಸಿಯಾದರೂ ಅಲ್ಲ.

24 ಡಿಗ್ರಿ ಅಂದರೆ ಏನು? ನಮ್ಮ ಊರಿನ ಹವೆಯೇ! ವರ್ಷದ ಎಷ್ಟೋ ದಿನ ಬೆಳಿಗ್ಗೆ 24ಕ್ಕಿಂತ ಕಮ್ಮಿ, ಮಧ್ಯಾಹ್ನ ಅದಕ್ಕಿಂತ ಜಾಸ್ತಿ. ಮೇಜಿನ ಮೇಲಿಟ್ಟ ಒಂದು ರೋಶೆಲ್ ಸಾಲ್ಟ್ ಹರಳು ಬೆಳಗಿನ ಕಾಫಿ ಹೊತ್ತಿಗೆ ಫೆರೋಎಲೆಕ್ಟ್ರಿಕ್, ಊಟದ ಹೊತ್ತಿಗೆ ಅಲ್ಲ. ಫರ್ನೇಸ್ ಬೇಕಿಲ್ಲ, ಕ್ರಯೋಸ್ಟಾಟ್ ಬೇಕಿಲ್ಲ. ಬೆಚ್ಚಗಿನ ನೀರಿನ ಪಾತ್ರೆ ಮತ್ತು ಐಸ್ ಸಾಕು. ಚೆನ್ನೈಯಲ್ಲಿ ಇದನ್ನು ಮಾಡಬೇಕಾದರೆ ವರ್ಷದ ಬಹುಪಾಲು ದಿನ ಏಸಿ ರೂಮು ಬೇಕಾಗುತ್ತದೆ.

ಈ ಹರಳನ್ನು ಮನೆಯಲ್ಲೇ ಬೆಳೆಸಬಹುದು. ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ಕ್ರೀಮ್ ಆಫ್ ಟಾರ್ಟರ್ ಸಿಗುತ್ತದೆ. ಅದನ್ನು ಬಿಸಿ ನೀರಿನಲ್ಲಿ ಕಲಸಿ, ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಬೇಕು. ನೊರೆ ಬರುವುದು ನಿಂತು ನೀರು ತಿಳಿಯಾದ ಮೇಲೆ ಸೋಸಿ, ಅಲುಗಾಡದ ಜಾಗದಲ್ಲಿ ಇಡಬೇಕು. ಒಂದು ಪುಟ್ಟ ಹರಳನ್ನು ಬೀಜವಾಗಿ ದಾರಕ್ಕೆ ಕಟ್ಟಿ ಇಳಿಬಿಟ್ಟರೆ ದೊಡ್ಡ ಹರಳು ಬರುತ್ತದೆ. ಆಮೇಲೆ ಅದನ್ನು ಸರಿಯಾದ ದಿಕ್ಕಿಗೆ, ಎಕ್ಸ್ ಅಕ್ಷಕ್ಕೆ ಅಡ್ಡವಾಗಿ ಒದ್ದೆ ದಾರದಿಂದ ಕೊಯ್ದು ತೆಳು ಹಲ್ಲೆ ಮಾಡಿ. ಎಸ್.ಪಿ. ರೋಡಿನಲ್ಲಿ ಸಿಗುವ ಸಾಧಾರಣ ಎಲ್‌ಸಿಆರ್ ಮೀಟರಿನಲ್ಲಿ ಅಳೆದರೂ ಸಾಕು, 24 ಡಿಗ್ರಿ ದಾಟುವಾಗ ಕೆಪಾಸಿಟೆನ್ಸ್ ಜಿಗಿಯುವುದು ಕಾಣುತ್ತದೆ. ಬೇರೆ ದಿಕ್ಕಿನಲ್ಲಿ ಕೊಯ್ದರೆ ಏನೂ ಕಾಣುವುದಿಲ್ಲ, ಅದನ್ನೂ ಮಾಡಿ ನೋಡಬೇಕು, ದಿಕ್ಕಿನ ಮಹತ್ವ ಆಗ ಗೊತ್ತಾಗುತ್ತದೆ. 50 ಡಿಗ್ರಿ ಮೇಲೆ ಮಾತ್ರ ಬಿಸಿ ಮಾಡಬೇಡ, ಹರಳು ತನ್ನದೇ ನೀರಿನಲ್ಲಿ ಕರಗಿ ಹೋಗುತ್ತದೆ. ಮಳೆಗಾಲದಲ್ಲಿ ತೇವಕ್ಕೂ ಹಾಳಾಗುತ್ತದೆ. ಹಳೆಯ ಗ್ರಾಮಫೋನಿನ ಕ್ರಿಸ್ಟಲ್ ಪಿಕಪ್ಪುಗಳು ಈ ಉಪ್ಪಿನವೇ, ಕರಾವಳಿ ಕಡೆ ಅವು ಬೇಗ ಕೆಡುತ್ತಿದ್ದವು.

ಇನ್ನೊಂದು ಮಾತು. ನಿನ್ನ ಗ್ರಾಫನ್ನು 120ರ ಕಡೆಗೆ ಮಾತ್ರ ನೋಡಬೇಡ. ಬೇರಿಯಂ ಟೈಟನೇಟಿಗೆ 5 ಡಿಗ್ರಿ ಹತ್ತಿರ ಒಂದು, ಮೈನಸ್ 90ರ ಹತ್ತಿರ ಇನ್ನೊಂದು ಬದಲಾವಣೆ ಇದೆ. ಪೋಲರೈಸೇಶನ್ ಅಲ್ಲಿ ಇಲ್ಲವಾಗುವುದಿಲ್ಲ, ದಿಕ್ಕು ಬದಲಿಸುತ್ತದೆ. ಕೆಪಾಸಿಟೆನ್ಸಿನಲ್ಲಿ ಅಲ್ಲೂ ಪುಟ್ಟ ಏರು ಕಾಣುತ್ತದೆ. ಪೆಲೆಟನ್ನು ಐಸ್ ಮೇಲೆ, ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟರೆ 5 ಡಿಗ್ರಿಯದ್ದು ಸಿಗುತ್ತದೆ. ಇದು ಪಕ್ಕದಲ್ಲೇ ಇರುವುದರಿಂದಲೇ ಡಿಸೆಂಬರ್ ಬೆಳಗಿನ ರೀಡಿಂಗಿಗೂ ಏಪ್ರಿಲ್ ಮಧ್ಯಾಹ್ನದ ರೀಡಿಂಗಿಗೂ ಸ್ವಲ್ಪ ಹೊಂದಿಕೆಯಾಗುವುದಿಲ್ಲ. ರೂಮ್ ಟೆಂಪರೇಚರ್ ಅಂತ ಸುಮ್ನೆ ಬರೆಯದೆ, ಎಷ್ಟು ಡಿಗ್ರಿ ಅಂತ ಬರೆ.

---

ಎಂಎಸ್ಸಿ_ಹುಡುಗಿ ಬರೆದದ್ದು:

ಮೇಷ್ಟ್ರೇ, ರೋಶೆಲ್ ಸಾಲ್ಟ್ ಖಂಡಿತ ಮಾಡುತ್ತೇನೆ. 24 ಡಿಗ್ರಿ ವಿಷಯ ಓದಿ ತುಂಬ ಖುಷಿಯಾಯಿತು. ಎಲ್ಲರಿಗೂ ಥ್ಯಾಂಕ್ಸ್.

ಟ್ಯಾನ್ ಡೆಲ್ಟಾ ನೋಡಿದೆ. 100 ಹರ್ಟ್ಸ್‌ನಲ್ಲಿ 200 ಡಿಗ್ರಿ ಮೇಲೆ ಅದು 1ನ್ನೂ ದಾಟಿದೆ. ಲೀಕೇಜ್ ಅನ್ನುವುದು ಸ್ಪಷ್ಟ. ಥರ್ಮೋಕಪಲ್ ಪೆಲೆಟಿಗೆ ತಾಗಿಸಿ ನಿಧಾನಕ್ಕೆ ಏರಿಸಿ ಇಳಿಸಿದರೆ ಅಂತರ ಮೂರು ಡಿಗ್ರಿಗೆ ಬಂತು, ಇನ್ನೂ ನಿಧಾನ ಮಾಡಿದರೂ ಅಲ್ಲೇ ನಿಂತಿದೆ.

ಈಗ ಕ್ಯೂರಿ-ವೈಸ್ ನಿಯಮ ನೋಡುತ್ತಿದ್ದೇನೆ, ಅಂದರೆ ಕ್ಯೂರಿ ತಾಪಮಾನದ ಮೇಲೆ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಹೇಗೆ ಇಳಿಯುತ್ತದೆ ಅನ್ನುವ ನಿಯಮ. 100 ಕಿಲೋಹರ್ಟ್ಸ್ ಡೇಟಾದಲ್ಲಿ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟನ್ನು ತಲೆಕೆಳಗು ಮಾಡಿ (ಒಂದನ್ನು ಅದರಿಂದ ಭಾಗಿಸಿ) ಹಾಕಿದರೆ 130 ಡಿಗ್ರಿ ಮೇಲೆ ನೇರ ಗೆರೆ ಬಂತು. ಆದರೆ ಆ ಗೆರೆ ಸೊನ್ನೆ ಮುಟ್ಟುವುದು 120ರಲ್ಲಿ ಅಲ್ಲ, 111ರಲ್ಲಿ. ಇದು ಸರಿಯಾ? ಮತ್ತೆ, ನನ್ನ ಗೆಳತಿ ಅದೇ ಪುಡಿಗೆ ಚೂರು ಲ್ಯಾಂಥನಂ ಹಾಕಿ ಪೆಲೆಟ್ ಮಾಡಿದ್ದಾಳೆ. ಅವಳದು ಇನ್ಸುಲೇಟರೇ ಅಲ್ಲ, ಮಲ್ಟಿಮೀಟರಿನಲ್ಲೇ ರೆಸಿಸ್ಟೆನ್ಸ್ ಬರುತ್ತದೆ, 120 ದಾಟಿದ ಕೂಡಲೇ ಅದು ಸಿಕ್ಕಾಪಟ್ಟೆ ಏರುತ್ತದೆ. ಸೆಮಿಕಂಡಕ್ಟರ್ ಬಿಸಿಯಾದರೆ ರೆಸಿಸ್ಟೆನ್ಸ್ ಇಳಿಯಬೇಕು ಅಲ್ವಾ?

---

ಸೆರಾಮಿಕ್_ಲ್ಯಾಬ್ ಉತ್ತರ:

111 ಬಂದಿರುವುದು ಸರಿಯೇ, ಅದು ಕ್ಯೂರಿ-ವೈಸ್ ತಾಪಮಾನ. ಅದು ಬೇರೆ, ಕ್ಯೂರಿ ತಾಪಮಾನ ಬೇರೆ. ಫಸ್ಟ್ ಆರ್ಡರ್ ಬದಲಾವಣೆಯಲ್ಲಿ ಮೊದಲನೆಯದು ಕೆಳಗಿರುತ್ತದೆ, ಬೇರಿಯಂ ಟೈಟನೇಟಿನಲ್ಲಿ ಸುಮಾರು ಹತ್ತು ಡಿಗ್ರಿ. ತಳ ಪೂರ್ತಿ ಸಪಾಟಾಗುವ ಮೊದಲೇ ವಸ್ತು ಇನ್ನೊಂದು ಸ್ಥಿತಿಗೆ ಜಿಗಿದುಬಿಡುತ್ತದೆ, ಅದಕ್ಕೇ ಪೀಕ್ ಅನಂತಕ್ಕೆ ಹೋಗದೆ ಹತ್ತು ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತದೆ. ಟ್ರೈಗ್ಲೈಸಿನ್ ಸಲ್ಫೇಟ್ ಅನ್ನುವ ಇನ್ನೊಂದು ಫೆರೋಎಲೆಕ್ಟ್ರಿಕ್ ಹರಳು ಅಳೆದಿದ್ದರೆ 49 ಡಿಗ್ರಿಯಲ್ಲಿ ಎರಡೂ ಒಂದೇ ಕಡೆ ಬರುತ್ತಿದ್ದವು, ಏರು ಇಳಿವಿನ ಅಂತರವೂ ಇರುತ್ತಿರಲಿಲ್ಲ. ಅದು ಸೆಕೆಂಡ್ ಆರ್ಡರ್. ಅಲ್ಲಿ ಕ್ಯೂರಿ ತಾಪಮಾನದ ಕೆಳಗಿನ ಗೆರೆಯ ಇಳಿಜಾರು ಮೇಲಿನದರ ಎರಡರಷ್ಟು ಇರುತ್ತದೆ.

ಸ್ಲೋಪಿನಿಂದ ಕ್ಯೂರಿ ಕಾನ್‌ಸ್ಟಂಟ್ ತೆಗೆಯಿರಿ. ಬೇರಿಯಂ ಟೈಟನೇಟಿಗೆ ಅದು ಸುಮಾರು ಒಂದೂವರೆ ಲಕ್ಷ ಕೆಲ್ವಿನ್. ಅದನ್ನು ಕ್ಯೂರಿ-ವೈಸ್ ತಾಪಮಾನದಿಂದ ಇರುವ ಅಂತರದಿಂದ ಭಾಗಿಸಿ. ಹಾಗಾದರೆ 110ರಿಂದ 40 ಡಿಗ್ರಿ ಮೇಲೆ, ಅಂದರೆ 150ರಲ್ಲಿ, ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 3750ರ ಹತ್ತಿರ ಇರಬೇಕು. 210ರಲ್ಲಿ 1500. ನಿಮ್ಮದು ಇದರ ಅರ್ಧ ಬಂದರೆ ಪೆಲೆಟ್ ಒಳಗೆ ತೂತು ಜಾಸ್ತಿ ಇದೆ, ಡೆನ್ಸಿಟಿ ಅಳೆದು ನೋಡಿ. ವೈರಿನ ಕೆಪಾಸಿಟೆನ್ಸನ್ನು ಖಾಲಿ ಹೋಲ್ಡರಿನಲ್ಲಿ ಅಳೆದು ಕಳೆಯುವುದನ್ನು ಬಿಡಬೇಡಿ. ಇನ್ನು ಕ್ಯೂರಿ ತಾಪಮಾನದ ಕೆಳಗೆ, ರೂಮ್ ಟೆಂಪರೇಚರಿನ ಮೌಲ್ಯ ಗ್ರೇನ್ ಗಾತ್ರದ ಮೇಲೆ ನಿಂತಿದೆ. ಒರಟು ಗ್ರೇನ್ ಇದ್ದರೆ 1500, 2000 ಬರುತ್ತದೆ, ಒಂದು ಮೈಕ್ರಾನ್ ಆಸುಪಾಸಿನ ಗ್ರೇನ್ ಇದ್ದರೆ 5000ದವರೆಗೂ ಹೋಗಬಹುದು. ಪುಸ್ತಕದ ಸಂಖ್ಯೆಗೆ ಹೊಂದಲಿಲ್ಲ ಅಂತ ಪೆಲೆಟ್ ಬಿಸಾಡಬೇಡಿ.

ಪೋಲ್ ಮಾಡಿದ (ದೊಡ್ಡ ವೋಲ್ಟೇಜ್ ಕೊಟ್ಟು ಪೋಲರೈಸೇಶನ್ ಒಂದೇ ದಿಕ್ಕಿಗೆ ತಿರುಗಿಸಿದ) ಪೆಲೆಟನ್ನು ಬಿಸಿ ಮಾಡುವುದಿದ್ದರೆ ಎರಡು ಎಲೆಕ್ಟ್ರೋಡನ್ನು ಮೊದಲು ಶಾರ್ಟ್ ಮಾಡಿ. ಬಿಸಿಯಾಗುವಾಗ ಪೋಲರೈಸೇಶನ್ ಬದಲಾಗಿ ಚಾರ್ಜ್ ಹೊರಬರುತ್ತದೆ. ಅಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ ಜನ ಬಂದಾಗ ದೀಪ ಹೊತ್ತಿಸುವ ಸೆನ್ಸರ್ ಕೆಲಸ ಮಾಡುವುದೇ ಈ ಪೈರೋಎಲೆಕ್ಟ್ರಿಕ್ ಗುಣದಿಂದ. ಓಪನ್ ಬಿಟ್ಟರೆ ದೊಡ್ಡ ವೋಲ್ಟೇಜ್ ಕೂಡಿ ಮೀಟರ್ ಸುಟ್ಟುಹೋಗಬಹುದು. ಕ್ಯೂರಿ ದಾಟಿಸಿ ತಣ್ಣಗೆ ಮಾಡಿದ ಮೇಲೆ ಕೆಪಾಸಿಟೆನ್ಸ್ ವಾಪಸ್ ಬರುತ್ತದೆ, ಪೀಜೋ ಗುಣ (ಒತ್ತಿದರೆ ವೋಲ್ಟೇಜ್ ಬರುವುದು) ವಾಪಸ್ ಬರುವುದಿಲ್ಲ. ಪ್ರತಿ ಗ್ರೇನಿನಲ್ಲೂ ಪೋಲರೈಸೇಶನ್ ಮತ್ತೆ ಹುಟ್ಟುತ್ತದೆ, ಆದರೆ ದಿಕ್ಕುಗಳು ಚೆಲ್ಲಾಪಿಲ್ಲಿ. ಮತ್ತೆ ಪೋಲ್ ಮಾಡಬೇಕು.

---

ಪೀಣ್ಯ_ಬೋರ್ಡ್ ಉತ್ತರ:

ನಿಮ್ಮ ಗೆಳತಿ ಮಾಡಿರುವುದು ಪಿಟಿಸಿ, ಅಂದರೆ ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವ ವಸ್ತು! ಅದು ನಿಮ್ಮ ಮನೆಯಲ್ಲೂ ಇದೆ. ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಸೊಳ್ಳೆ ಮೆಷಿನ್ ಒಳಗಿನ ಬಿಲ್ಲೆ ಅದೇ. ಬಿಸಿಯಾಗುತ್ತದೆ, ಒಂದು ಮಟ್ಟ ಮುಟ್ಟಿದ ಕೂಡಲೇ ರೆಸಿಸ್ಟೆನ್ಸ್ ಏರಿ ಕರೆಂಟ್ ತಾನೇ ಕಮ್ಮಿಯಾಗುತ್ತದೆ, ಥರ್ಮೋಸ್ಟಾಟ್ ಬೇಕಿಲ್ಲ. ಫ್ರಿಜ್ ಕಂಪ್ರೆಸರಿನ ಸ್ಟಾರ್ಟಿಂಗ್ ರಿಲೇ ಒಳಗೂ ಇದೇ ಬಿಲ್ಲೆ, ಮೋಟಾರ್ ಶುರುವಾದ ಮೇಲೆ ಸ್ಟಾರ್ಟ್ ವೈಂಡಿಂಗ್ ಕರೆಂಟನ್ನು ಕಟ್ ಮಾಡುತ್ತದೆ. ಕರೆಂಟ್ ಹೋಗಿ ತಕ್ಷಣ ಬಂದರೆ ಕೆಲವು ಫ್ರಿಜ್ ಸ್ಟಾರ್ಟ್ ಆಗದೆ ಬರೀ ಗುಂಯ್ ಅನ್ನುತ್ತದಲ್ಲ, ಬಿಲ್ಲೆ ಇನ್ನೂ ಆರಿಲ್ಲ ಅಂತ ಅರ್ಥ.

ಕಾರಣ ಗ್ರೇನ್ ಬೌಂಡರಿ. ಲ್ಯಾಂಥನಂ ಗ್ರೇನ್ ಒಳಗೆ ಎಲೆಕ್ಟ್ರಾನ್ ಕೊಡುತ್ತದೆ. ಆದರೆ ಬೌಂಡರಿಯಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡು ಒಂದು ತಡೆ ಏಳುತ್ತದೆ. ಆ ತಡೆಯ ಎತ್ತರ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟಿಗೆ ವಿಲೋಮ. ಕ್ಯೂರಿ ಕೆಳಗೆ ಕಾನ್‌ಸ್ಟಂಟ್ ಜಾಸ್ತಿ, ಪೋಲರೈಸೇಶನ್ ಚಾರ್ಜ್ ಕೂಡ ತಡೆಯನ್ನು ಅಳಿಸುತ್ತದೆ. ಕ್ಯೂರಿ ದಾಟಿದ ಮೇಲೆ ಎರಡೂ ಹೋಗುತ್ತವೆ, ತಡೆ ಏರುತ್ತದೆ, ರೆಸಿಸ್ಟೆನ್ಸ್ ಸಾವಿರ ಪಟ್ಟು, ಇನ್ನೂ ಜಾಸ್ತಿ ಏರುತ್ತದೆ. ತಡೆಯ ವಿವರಣೆ 1961ರಲ್ಲಿ ಹೇವಾಂಗ್ ಕೊಟ್ಟದ್ದು, ಪೋಲರೈಸೇಶನ್ ಚಾರ್ಜಿನ ಭಾಗವನ್ನು ಆಮೇಲೆ ಯೋಂಕರ್ ಸೇರಿಸಿದರು. ಒಂಟಿ ಹರಳಿನಲ್ಲಿ ಈ ಎಫೆಕ್ಟ್ ಬರುವುದಿಲ್ಲ, ಬೌಂಡರಿಯೇ ಇಲ್ಲವಲ್ಲ.

ಅಳೆಯುವಾಗ ಎರಡು ಎಚ್ಚರಿಕೆ ಹೇಳಿ ಅವರಿಗೆ. ಸಿಲ್ವರ್ ಪೇಸ್ಟ್ ಈ ಪೆಲೆಟಿಗೆ ಸರಿಯಾದ ಕಾಂಟ್ಯಾಕ್ಟ್ ಕೊಡುವುದಿಲ್ಲ, ಕಾಂಟ್ಯಾಕ್ಟಿನದ್ದೇ ರೆಸಿಸ್ಟೆನ್ಸ್ ಸೇರಿಕೊಳ್ಳುತ್ತದೆ. ಇಂಡಿಯಂ-ಗ್ಯಾಲಿಯಂ ಮಿಶ್ರಲೋಹ ಉಜ್ಜಿ ಅಳೆಯಲಿ, ರೂಮ್ ಟೆಂಪರೇಚರಿನ ಓಮ್ಸ್ ಕೂಡಲೇ ಕಮ್ಮಿ ತೋರಿಸುತ್ತದೆ. ವೋಲ್ಟೇಜ್ ಕೂಡ ಕಮ್ಮಿ ಇರಲಿ. ಜಾಸ್ತಿ ಕೊಟ್ಟರೆ ಪೆಲೆಟ್ ತಾನೇ ಬಿಸಿಯಾಗಿ ಫರ್ನೇಸಿನ ರೀಡಿಂಗಿಗೂ ಪೆಲೆಟಿಗೂ ಸಂಬಂಧ ಇರುವುದಿಲ್ಲ.